ಎಂ.ಎಸ್ಸಿ ನರ್ಸಿಂಗ್ ಸೀಟಿಗೆ ರೊಕ್ಕ ಕಟ್ಟೋ ಮೊದ್ಲ ಇದನ್ನ ಓದ್ರಿ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಸ್ಟಾಫ್ ನರ್ಸ್ ಇದ್ದವರು, ಎಂ.ಎಸ್ಸಿ ಮಾಡ್ಬೇಕಂತ ಓಡಾಡಾಕತ್ತವರು ಇದನ್ನ ಪೂರಾ ಓದ್ರಿ. ಕಾಲೇಜಿನ ಹೆಸರು ಬರಿಯಂಗಿಲ್ಲ, ಏಜೆಂಟನ ಹೆಸರೂ ಬರಿಯಂಗಿಲ್ಲ. ಹೆಸರು ಬರದ್ರ ನಾಳೆ ಬೋರ್ಡ್ ಬದಲಿ ಮಾಡಿ ಮತ್ತ ಅಲ್ಲೇ ಕುಂಡ್ರತಾರ. ಆಟ ಹೆಂಗ ಆಡ್ತಾರ ಅನ್ನೋದು ಗೊತ್ತಾಗ್ಲಿ.

ನಾ ಕೇಳಿದ್ದು ಓಬಿಜಿ ಸೀಟು, ಅಂದ್ರ ಪ್ರಸೂತಿ ಮತ್ತು ಸ್ತ್ರೀರೋಗ ಶುಶ್ರೂಷೆ. ಫೋನಿನ್ಯಾಗ ಒಮ್ಮೆ, ವಾಟ್ಸಾಪಿನ್ಯಾಗ ಒಮ್ಮೆ, ಎದುರಿಗೆ ಕುಂತಾಗ ಒಮ್ಮೆ, ಮೂರೂ ಸಲ ಏಜೆಂಟಂದು ಅದ ಮಾತು: "ಓಬಿಜಿ ಐತ್ರಿ ಸಿಸ್ಟರ್, ಒಂದ ಸೀಟ್ ಉಳದೈತಿ, ಇವತ್ತ ಬ್ಲಾಕ್ ಮಾಡ್ರಿ." ಬ್ಲಾಕ್ ಮಾಡಾಕ 40,000, ನಗದು. ರಸೀದಿ ಕೊಟ್ಟಿದ್ದು 25,000ಕ್ಕ ಅಷ್ಟ. ಉಳಿದ 15,000 "ಸರ್ವಿಸ್". ರಸೀದಿ ಮ್ಯಾಲ ಟ್ಯೂಷನ್ ಫೀ ಅಂತ ಇಲ್ಲ, "ಪ್ರಾಸ್ಪೆಕ್ಟಸ್, ಪ್ರೊಸೆಸಿಂಗ್ ಮತ್ತು ಇತರೆ" ಅಂತ ಐತಿ. ಇದು ಯಾಕ ಹಂಗ ಬರದ್ರು ಅನ್ನೋದು ಆಮ್ಯಾಲ ತಿಳೀತು. ಒರಿಜಿನಲ್ ಮಾರ್ಕ್ಸ್ ಕಾರ್ಡ್, ಡಿಗ್ರಿ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನ ರಿಜಿಸ್ಟ್ರೇಷನ್ ಎಲ್ಲಾನೂ "ವೆರಿಫಿಕೇಷನ್ ಸಲುವಾಗಿ ಎರಡ ದಿನ" ಅಂತ ಇಟ್ಕೊಂಡ್ರು.

12 ದಿನ ಆದ ಮ್ಯಾಲ ಸಹಿ ಮಾಡಾಕ ಫಾರ್ಮ್ ಬಂತು. ಸ್ಪೆಷಾಲಿಟಿ ಅಂಕಣದಾಗ ಟೈಪ್ ಆಗಿದ್ದು ಮೆಂಟಲ್ ಹೆಲ್ತ್ ನರ್ಸಿಂಗ್. ಮೊದ್ಲ ಅನಿಸಿದ್ದು ಬೇರೆ ಯಾರದೋ ಫಾರ್ಮ್ ಬಂದೈತಿ ಅಂತ. ಹೆಸರು ನೋಡಿದ್ರ ಹೆಸರು ಬರೋಬ್ಬರಿ ಐತಿ, ಫೋಟೋ ಬರೋಬ್ಬರಿ ಐತಿ. ಸ್ಪೆಷಾಲಿಟಿ ಒಂದ ಬ್ಯಾರೆ. ಕೇಳಿದ್ರ ಕೌಂಟರಿನವರು ತಲಿ ಎತ್ತದ ಹೇಳ್ತಾರ, "ಎಂ.ಎಸ್ಸಿ ಅಂದ್ರ ಎಂ.ಎಸ್ಸಿನ ಅಲ್ರಿ ಸಿಸ್ಟರ್. ಬ್ರ್ಯಾಕೆಟ್ಟಿನ್ಯಾಗ ಏನೈತಿ ಅಂತ ಯಾರ್ ನೋಡ್ತಾರ?"

ಯಾರ್ ನೋಡ್ತಾರ ಅಂದ್ರ ಎಲ್ಲಾರೂ ನೋಡ್ತಾರ್ರೀ. ಎಂ.ಎಸ್ಸಿ ನರ್ಸಿಂಗ್ ಎರಡು ವರ್ಷದ ಕೋರ್ಸು. ಮೊದಲ ವರ್ಷ ನರ್ಸಿಂಗ್ ಎಜುಕೇಷನ್, ಅಡ್ವಾನ್ಸ್ ನರ್ಸಿಂಗ್ ಪ್ರಾಕ್ಟೀಸ್, ರಿಸರ್ಚ್ ಮತ್ತು ಸ್ಟ್ಯಾಟಿಸ್ಟಿಕ್ಸ್, ಇವು ಎಲ್ಲಾ ಸ್ಪೆಷಾಲಿಟಿಗೂ ಒಂದ. ಆದ್ರ ನೀವು ಆರಿಸಿದ ಸ್ಪೆಷಾಲಿಟಿದ "ಕ್ಲಿನಿಕಲ್ ಸ್ಪೆಷಾಲಿಟಿ-1" ಅನ್ನೋ ವಿಷಯಕ್ಕ 150 ತಾಸು ಥಿಯರಿ, 650 ತಾಸು ಪ್ರಾಕ್ಟಿಕಲ್. ಎರಡನೇ ವರ್ಷ "ಕ್ಲಿನಿಕಲ್ ಸ್ಪೆಷಾಲಿಟಿ-2"ಕ್ಕ ಮತ್ತ 150 ತಾಸು ಥಿಯರಿ, 950 ತಾಸು ಪ್ರಾಕ್ಟಿಕಲ್. ಅಂದ್ರ ಬರೀ ವಾರ್ಡಿನ ಕೆಲಸನ 1,600 ತಾಸು. ಇದರ ಮ್ಯಾಲ 300 ತಾಸಿನ ಡಿಸರ್ಟೇಷನ್ (ಸಂಶೋಧನಾ ಪ್ರಬಂಧ), ಅದೂ ಅದ ಸ್ಪೆಷಾಲಿಟಿದಾಗ. ಮುಂದ ಟೀಚಿಂಗ್ ಪೋಸ್ಟ್ ಕರದ್ರ ಸ್ಪೆಷಾಲಿಟಿ ಹೆಸರು ಹಾಕೇ ಕರೀತಾರ. ಮೆಂಟಲ್ ಹೆಲ್ತ್ ಚಲೋ ವಿಷಯ, ಆಸಕ್ತಿ ಇದ್ದವರು ಹೋಗ್ಲಿ. ಲೇಬರ್ ವಾರ್ಡಿನ್ಯಾಗ ಕೆಲಸ ಮಾಡಿದವರನ್ನ ಹೇಳದ ಕೇಳದ ಅಲ್ಲಿಗೆ ದಬ್ಬೋದು ಬ್ಯಾರೆ ಮಾತು.

ಇದು ಟೈಪಿಂಗ್ ತಪ್ಪಲ್ಲ. ಸೀಟು ಮಂಜೂರಾಗೋದು ಸ್ಪೆಷಾಲಿಟಿವಾರು. ಮೆಡಿಕಲ್ ಸರ್ಜಿಕಲ್, ಓಬಿಜಿ, ಮಕ್ಕಳ ಆರೋಗ್ಯ, ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ, ಐದರಾಗ ಒಂದು ಕಾಲೇಜಿಗೆ ಎರಡಕ್ಕಷ್ಟ ಅನುಮತಿ ಇರಬಹುದು. ಮಂದಿ ಮುಗಿಬೀಳೋದು ಮೆಡಿಕಲ್ ಸರ್ಜಿಕಲ್, ಓಬಿಜಿಗೆ. ಉಳಿಯೋದು ಬ್ಯಾರೆ. ಉಳಿದದ್ದನ್ನ ತುಂಬಾಕ "ಓಬಿಜಿ ಐತ್ರಿ" ಅಂತ ಕರದು, ರೊಕ್ಕ ತಗೊಂಡು, ಒರಿಜಿನಲ್ ಇಟ್ಕೊಂಡು, ಕಡೀಕ ಬದಲಿ ಮಾಡ್ತಾರ. ಅಷ್ಟೊತ್ತಿಗೆ ಬ್ಯಾರೆ ಕಡೆ ಅರ್ಜಿ ಹಾಕೋ ದಿನಾನೂ ಮುಗದಿರತಾವ. ಜಗಳ ಮಾಡಿದ್ರ ಏಜೆಂಟ್ ಕಾಲೇಜಿನ ಕಡೆ ಬಟ್ಟ ಮಾಡ್ತಾನ, ಕಾಲೇಜಿನವರು "ಅವ ನಮ್ಮಂವ ಅಲ್ಲ" ಅಂತಾರ. ಹಂಗಿದ್ರ ಅವನ ಕೈಯಾಗ ನಿಮ್ಮ ರಸೀದಿ ಬುಕ್ ಹೆಂಗ ಬಂತು ಅಂತ ಕೇಳಿದ್ರ, "ಸಾಹೇಬ್ರು ಮೀಟಿಂಗಿನ್ಯಾಗ ಅದಾರ."

ಇನ್ನೊಂದು ಅನುಭವದ ಸರ್ಟಿಫಿಕೇಟಿಂದು. ಇದರಾಗ ಕಾಲೇಜಿಗಿಂತ ನಮ್ಮ ಹುಡುಗ್ಯಾರ ಹೆಚ್ಚು ಸಿಗಬೀಳ್ತಾರ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ ಇಷ್ಟ: ನೋಂದಾಯಿತ ನರ್ಸ್ ಮತ್ತು ಮಿಡ್‌ವೈಫ್ ಆಗಿರಬೇಕು, ಬಿ.ಎಸ್ಸಿ ನರ್ಸಿಂಗ್ (ಬೇಸಿಕ್) ಇಲ್ಲಾ ನರ್ಸಿಂಗ್ ಡಿಪ್ಲೊಮಾ ಆದವರು ಮಾಡೋ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಒಟ್ಟು ಶೇ. 55 ಅಂಕದಿಂದ ಪಾಸಾಗಿರಬೇಕು, ಕನಿಷ್ಠ ಒಂದು ವರ್ಷ ಕೆಲಸದ ಅನುಭವ ಇರಬೇಕು. ಬೇಸಿಕ್ ಬಿ.ಎಸ್ಸಿ ಮಾಡಿದವರಿಗೆ ಆ ಒಂದು ವರ್ಷ ಡಿಗ್ರಿ ಆದ ಮ್ಯಾಲಿಂದ ಆಗಬೇಕು. ಪೋಸ್ಟ್ ಬೇಸಿಕ್ ಮಾಡಿದವರಿಗೆ ಆ ಕೋರ್ಸಿನ ಮೊದಲಿಂದಾದ್ರೂ ನಡೀತೈತಿ, ಆಮ್ಯಾಲಿಂದಾದ್ರೂ ನಡೀತೈತಿ.

ನನ್ನ ಅನುಭವ 10 ತಿಂಗಳ ಮ್ಯಾಲ ಸ್ವಲ್ಪ ಇತ್ತು. ಅದನ್ನ ಮೊದಲ ದಿನಾನ ಹೇಳಿದ್ದು. ಬಂದ ಉತ್ತರ, "ಅದೇನ್ ದೊಡ್ಡ ಮಾತಲ್ರಿ, 5,000 ಕೊಡ್ರಿ, ಸಣ್ಣ ನರ್ಸಿಂಗ್ ಹೋಮಿಂದ ಒಂದೂವರೆ ವರ್ಷದ್ದು ಮಾಡ್ಸಿ ಕೊಡ್ತೀವಿ." ಪುಣ್ಯಾಕ್ಕ ಅದಕ್ಕ ಹೂಂ ಅನ್ನಲಿಲ್ಲ, ಬರೋ ವರ್ಷ ಹಾಕ್ತೀನಿ ಅಂದಾಗ "ಕೋರ್ಸ್ ಚಾಲೂ ಆಗೂದ್ರಾಗ ವರ್ಷ ತುಂಬತೈತಿ, ನಡೀತೈತಿ" ಅಂತ ಸಮಾಧಾನ ಮಾಡಿದ್ರು. ಸುಳ್ಳು ಸರ್ಟಿಫಿಕೇಟ್ ಹಿಡಿಯೋದು ಭಾಳ ಸಸಾರ. ಕೌನ್ಸಿಲಿನ ರಿಜಿಸ್ಟ್ರೇಷನ್ ತಾರೀಖು ನೋಡ್ತಾರ, ಸೇರಿದ ತಾರೀಖು ಅದಕ್ಕಿಂತ ಮೊದ್ಲ ಇದ್ರ ರಿಜಿಸ್ಟ್ರೇಷನ್ ಇಲ್ಲದ ನರ್ಸ್ ಅಂತ ಹೆಂಗ ಕೆಲಸ ಮಾಡಿದ್ರಿ ಅಂತ ಪ್ರಶ್ನೆ. ಪಗಾರ ಬ್ಯಾಂಕಿಗೆ ಬಿದ್ದಿಲ್ಲ, ಪಿಎಫ್ ಇಲ್ಲ, ನೇಮಕಾತಿ ಪತ್ರ ಇಲ್ಲ, ಬರೀ ಒಂದು ಹಾಳಿ. ಸಿಗಬಿದ್ದಾಗ ಸಹಿ ಯಾರದು? ಅರ್ಜಿ ಕೊನೆಗೆ "ಮೇಲಿನ ಮಾಹಿತಿ ಸತ್ಯ" ಅಂತ ಇರೋದು ನಿಮ್ಮ ಸಹಿ, ಏಜೆಂಟಂದಲ್ಲ. ಖರೇ ಅನುಭವ ಇದ್ದವರು ಆಸ್ಪತ್ರೆ ಲೆಟರ್‌ಹೆಡ್ಡಿನ್ಯಾಗ ಸೇರಿದ ತಾರೀಖು, ಬಿಟ್ಟ ತಾರೀಖು, ಯಾವ ವಾರ್ಡು, ಜಾವಕ (ಔಟ್‌ವರ್ಡ್) ಸಂಖ್ಯೆ, ಸಹಿ ಮತ್ತ ಸಿಕ್ಕಾ ಎಲ್ಲಾ ಹಾಕಿಸ್ಕೊಳ್ರಿ. ಜೊತಿಗೆ ಪಗಾರದ ಬ್ಯಾಂಕ್ ಪಾಸ್‌ಬುಕ್ ಪ್ರತಿ ಇಡ್ರಿ.

ಶೇ. 55ರ ಲೆಕ್ಕಾನೂ ಹಿಂಗ. "50 ಇದ್ರೂ ಮಾಡ್ತೀವ್ರಿ" ಅಂತಾರ. ಕಡೀ ವರ್ಷದ 61 ನೋಡಿ ಖುಷಿ ಆಗಬ್ಯಾಡ್ರಿ. ನಾಲ್ಕೂ ವರ್ಷದ ಒಟ್ಟು ಬೇಕು. ನಾಲ್ಕು ವರ್ಷದ ಶೇಕಡಾ ಕೂಡಿಸಿ ನಾಲ್ಕರಿಂದ ಭಾಗಿಸಿದ್ರೂ ತಪ್ಪ, ವರ್ಷ ವರ್ಷದ ಗರಿಷ್ಠ ಅಂಕ ಬ್ಯಾರೆ ಬ್ಯಾರೆ ಇರತಾವ. ಪಡದ ಅಂಕ ಎಲ್ಲಾ ಕೂಡಿಸಿ, ಗರಿಷ್ಠ ಅಂಕ ಎಲ್ಲಾ ಕೂಡಿಸಿ, ಆಮ್ಯಾಲ ಭಾಗಿಸ್ರಿ. 54.6 ಬಂದ್ರ ಅದು 55 ಅಲ್ಲ.

ತಪ್ಪು ದಾಖಲೆ ಇಟ್ಟು ಸೇರಿಸ್ಕೊಂಡ್ರ ಪೆಟ್ಟು ಬೀಳೋದು ನಿಮಗ. ಅವರು ಯಾದಿ ವಿಶ್ವವಿದ್ಯಾಲಯಕ್ಕ ಕಳಸ್ತಾರ, ಅಲ್ಲಿ ಅಡ್ಮಿಷನ್ ಅಪ್ರೂವಲ್ ಆಗಂಗಿಲ್ಲ. ಈ ಸುದ್ದಿ ನಿಮಗ ಹೇಳೋರು ಯಾರೂ ಇಲ್ಲ. ಫೀ ಕಟ್ಟಿರತೀರಿ, ವಾರ್ಡ್ ಡ್ಯೂಟಿ ಮಾಡಿರತೀರಿ, ಹಾಲ್ ಟಿಕೆಟ್ ಬರದಾಗ ತಿಳೀತೈತಿ. ಬ್ಯಾರೆ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ ಮಾಡಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕಾಲೇಜಿಗೆ ಸೇರೋರಿಗೆ ಎಲಿಜಿಬಿಲಿಟಿ ಸರ್ಟಿಫಿಕೇಟ್ ಬ್ಯಾರೆ ಬೇಕು. ಮಹಾರಾಷ್ಟ್ರದಾಗ, ಮಿರಜ್ ಸಾಂಗ್ಲಿ ಕಡೆ ಓದಿದವರು ನಮ್ಮ ಕಡೆ ಭಾಳ ಮಂದಿ ಅದಾರ, ಅವರು ಇದನ್ನ ಮರೀಬ್ಯಾಡ್ರಿ.

"ಡ್ಯೂಟಿ ಬಿಡಬ್ಯಾಡ್ರಿ, ಅಟೆಂಡೆನ್ಸ್ ನಾವ್ ಅಡ್ಜಸ್ಟ್ ಮಾಡ್ತೀವಿ" ಅನ್ನೋದೂ ಇದ ಪೈಕಿ. ಇದು ಪೂರ್ಣಾವಧಿ ಕೋರ್ಸು. ಪರೀಕ್ಷೆಗೆ ಕುಂಡ್ರಾಕ ಪ್ರತಿ ವಿಷಯದಾಗ ಶೇ. 80 ಹಾಜರಿ, ಡಿಗ್ರಿ ಕೈಗೆ ಬರಬೇಕಂದ್ರ ಪ್ರಾಕ್ಟಿಕಲ್ ಶೇ. 100. ಒಂದ ವ್ಯಾಳ್ಯಾಕ್ಕ ಜಮಖಂಡಿ ಆಸ್ಪತ್ರೆ ಮಸ್ಟರಿನ್ಯಾಗೂ ಸಹಿ, ಬೆಳಗಾವಿ ಕಾಲೇಜಿನ್ಯಾಗೂ ಸಹಿ ಇದ್ರ ಎರಡೂ ಕಡೆ ಉತ್ತರ ಕೊಡಬೇಕಾಗ್ತೈತಿ. ಡಿಸರ್ಟೇಷನ್ ಮಾಡಿಸೋ ಗೈಡ್ ವಿಷಯಾನೂ ಮೊದ್ಲ ಕೇಳ್ರಿ. ಎಂ.ಎಸ್ಸಿ ಕೋರ್ಸಿಗೆ ಮೂರು ವರ್ಷ ಪಾಠ ಮಾಡಿದ ಅನುಭವ ಗೈಡಿಗೆ ಇರಬೇಕು, ಒಬ್ಬರಿಗೆ ನಾಲ್ಕಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಇರೂವಂಗಿಲ್ಲ. ಇನ್‌ಸ್ಪೆಕ್ಷನ್ ದಿನ ಅಷ್ಟ ಕಾಣೋ ಗೈಡ್ ಇದ್ರ ಸಿನಾಪ್ಸಿಸ್ (ಪ್ರಬಂಧದ ರೂಪುರೇಷೆ) ಕೊಡೋ ಹಂತದಾಗ ಅಳಬೇಕು.

ಈಗ ರೊಕ್ಕದ ಕಥಿ. ಸೀಟು ಬ್ಯಾಡ, ಒರಿಜಿನಲ್ ಕೊಡ್ರಿ ಅಂದ್ರ ಉತ್ತರ, "ಸೀಟ್ ಖಾಲಿ ಉಳಿತೈತ್ರಿ, ಎರಡೂ ವರ್ಷದ ಫೀ ಕಟ್ಟಿ ತಗೊಂಡು ಹೋಗ್ರಿ." ಎರಡೂ ವರ್ಷದ ಫೀ! ಒಂದು ತಾಸು ಪಾಠ ಕೇಳಿಲ್ಲ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಅಧಿಸೂಚನೆ ಪ್ರಕಾರ ಒರಿಜಿನಲ್ ಸರ್ಟಿಫಿಕೇಟ್ ಇಟ್ಕೊಳ್ಳೂವಂಗಿಲ್ಲ, ನೋಡಿ ವಾಪಸ್ ಕೊಡಬೇಕು. ಪ್ರಾಸ್ಪೆಕ್ಟಸ್ ಕೊಳ್ಳಲೇಬೇಕು ಅನ್ನೂವಂಗಿಲ್ಲ. ಪ್ರವೇಶದ ಕೊನೇ ದಿನಕ್ಕ 15 ದಿನ ಇಲ್ಲಾ ಅದಕ್ಕಿಂತ ಮೊದ್ಲ ಬಿಟ್ರ ಫೀ ಪೂರಾ ವಾಪಸ್, ಪ್ರೊಸೆಸಿಂಗ್ ಅಂತ ಶೇ. 5, ಅದೂ 5,000 ದಾಟದಂಗ ಅಷ್ಟ ಹಿಡೀಬಹುದು. ಕೊನೇ ದಿನಕ್ಕ 15 ದಿನಕ್ಕಿಂತ ಕಡಿಮಿ ಉಳದಾಗ ಬಿಟ್ರ ಶೇ. 90. ಕೊನೇ ದಿನ ಆಗಿ 15 ದಿನದೊಳಗ ಶೇ. 80, 30 ದಿನದೊಳಗ ಶೇ. 50, ಆಮ್ಯಾಲ ಸೊನ್ನೆ. ಅದಕ್ಕ ರಸೀದಿ ಮ್ಯಾಲ ಫೀ ಅಂತ ಬರಿಯಲಾರದ "ಇತರೆ" ಅಂತ ಬರದಿದ್ದು. ಇದನ್ನ ಪ್ರಿಂಟ್ ತಗಸಿ ಮುಂದಿಟ್ರ ಏನಂದ್ರು ಗೊತ್ತೇನು? "ಯುಜಿಸಿ ಬಿ.ಎ., ಬಿ.ಕಾಂ.ಗ್ರಿ. ನಮ್ದು ನರ್ಸಿಂಗ್."

ವಿಶ್ವವಿದ್ಯಾಲಯಕ್ಕ ಸಂಯೋಜನೆ (ಅಫಿಲಿಯೇಷನ್) ಆದ ಕಾಲೇಜಿಗೂ ಅದು ಅನ್ವಯ ಆಗ್ತೈತಿ. ಬಾಯಿ ಮಾತು ಬಿಟ್ಟು ಬರವಣಿಗೆದಾಗ ಕೊಟ್ಟಾಗ ದಾರಿಗೆ ಬಂದ್ರು: ಪ್ರಿನ್ಸಿಪಾಲರಿಗೆ ಅರ್ಜಿ, ವಿಶ್ವವಿದ್ಯಾಲಯದ ಕುಲಸಚಿವರಿಗೆ ಪ್ರತಿ, ರಜಿಸ್ಟರ್ ಪೋಸ್ಟ್, ಪೋಸ್ಟಿನ ಚೀಟಿ ಜೋಪಾನ.

ರೊಕ್ಕ ಕಟ್ಟೋ ಮೊದ್ಲ ಇಷ್ಟ ಮಾಡ್ರಿ. ಆ ವರ್ಷದ ಸಂಯೋಜನಾ ಆದೇಶದಾಗ ನಿಮ್ಮ ಸ್ಪೆಷಾಲಿಟಿ ಮತ್ತು ಅದರ ಸೀಟು ಸಂಖ್ಯೆ ಕಣ್ಣಾರೆ ನೋಡ್ರಿ, ಹ್ವಾದ ವರ್ಷದ ಕಾಗದ ತೋರಿಸಿದ್ರ ಎದ್ದು ಬರ್ರಿ. ಸ್ಪೆಷಾಲಿಟಿ ಹೆಸರು ರಸೀದಿ ಮ್ಯಾಲ ಬರಸ್ರಿ. ಕಾಲೇಜಿನ ಖಾತೆಗಷ್ಟ ರೊಕ್ಕ ಹಾಕ್ರಿ. ಒರಿಜಿನಲ್ ಕೊಡಬ್ಯಾಡ್ರಿ, ಕೊಡಬ್ಯಾಡ್ರಿ, ಎರಡ ದಿನ ಅಂದ್ರೂ ಕೊಡಬ್ಯಾಡ್ರಿ. ಸರ್ಕಾರಿ ಕೋಟಾಕ್ಕ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅಧಿಸೂಚನೆ ನೀವ ಓದ್ರಿ, ಏಜೆಂಟನ ಬಾಯಿಂದ ಕೇಳಬ್ಯಾಡ್ರಿ.

ಒರಿಜಿನಲ್ 47 ದಿನಕ್ಕ ಬಂದುವು, ಮೂರನೇ ವರ್ಷದ ಮಾರ್ಕ್ಸ್ ಕಾರ್ಡಿಗೆ ಫೈಲಿನ ತೂತು ಬಿದ್ದಾವ. ಏಜೆಂಟ್ ತಗೊಂಡ 15,000ದ ಆಸೆ ಬಿಟ್ಟಾಗೈತಿ. ಕೊನೇ ದಿನಕ್ಕ 9 ದಿನ ಮೊದ್ಲ ಅರ್ಜಿ ಕೊಟ್ಟಿದ್ದಕ್ಕ 25,000ದಾಗ 22,500 ಬರಬೇಕು, ಬಂದಿದ್ದು 10,000. ಉಳಿದ 12,500 ಕೇಳಿದ್ರ "ಅಕೌಂಟ್ಸ್ ಮೇಡಂ ರಜೆ ಮ್ಯಾಲ ಅದಾರ್ರೀ, ಸೋಮವಾರ ಬರ್ರಿ." ಇದು ಮೂರನೇ ಸೋಮವಾರ.