ಮಕ್ಕಳನ್ನು ಕ್ಯಾಂಪ್‌ಗೆ ಕಳಿಸುವ ಮುಂಚೆ ಇದನ್ನು ಓದಿ

ದಸರಾ ರಜೆ ಹತ್ತಿರ ಬಂತು. ಮಂಡ್ಯ, ಪಾಂಡವಪುರ ಕಡೆ ಮಕ್ಕಳ ಕ್ಯಾಂಪ್ ಫಾರಂಗಳು ಕೈಯಿಂದ ಕೈಗೆ ಓಡಾಡುತ್ತಿವೆ. ಅದಕ್ಕೇ ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಡುತ್ತೇನೆ.

2014ರಲ್ಲಿ ನನಗೆ 13 ವರ್ಷ. ಮಂಡ್ಯದ ಒಂದು ಮಕ್ಕಳ ಸಂಸ್ಥೆಯಲ್ಲಿ ಸದಸ್ಯನಾಗಿದ್ದೆ. ಹಗ್ಗದ ಗಂಟು, ಈಜು, ನಾಲ್ಕು ಜನರ ಮುಂದೆ ಮಾತಾಡುವ ಧೈರ್ಯ, ಎಲ್ಲ ಕಲಿತದ್ದು ಅಲ್ಲೇ. ಆ ವರ್ಷದ ಕ್ಯಾಂಪ್ ಕುಂತಿಬೆಟ್ಟದ ಹತ್ತಿರ. ಎರಡನೇ ರಾತ್ರಿ ನಮ್ಮ ಲೀಡರ್ "ಹಗ್ಗ ಎಣಿಸಬೇಕು, ಟಾರ್ಚ್ ತಗೊಂಡು ಬಾ" ಎಂದು ನನ್ನೊಬ್ಬನನ್ನೇ ಸಾಮಾನಿನ ಕೋಣೆಗೆ ಕರೆದರು. ತೆಂಗಿನ ನಾರಿನ ವಾಸನೆ. ಒಳಗಿಂದ ಚಿಲಕ ಹಾಕಿದ ಸದ್ದು. ಉಳಿದದ್ದನ್ನು ಇಲ್ಲಿ ಬರೆಯುವುದಿಲ್ಲ. ಇವತ್ತಿಗೂ ಅಂಗಡಿಯಲ್ಲಿ ಹೊಸ ಹಗ್ಗದ ಸುರುಳಿ ಕಂಡರೆ ನನ್ನ ಕೈ ತಣ್ಣಗಾಗುತ್ತದೆ.

ಅಪ್ಪ ಹೋಗಿ ಕೇಳಿದರು. ದೊಡ್ಡವರು ಕೂರಿಸಿ ಕಾಫಿ ಕೊಟ್ಟರು. "ಸಂಸ್ಥೆ ಹೆಸರು ಹೋಗುತ್ತೆ, ನಿಮ್ಮ ಹುಡುಗನ ಮರ್ಯಾದೆಯೂ ಹೋಗುತ್ತೆ. ನಾವು ನೋಡ್ಕೋತೀವಿ" ಎಂದರು. ನೋಡಿಕೊಂಡದ್ದು ಏನು ಗೊತ್ತಾ? ಆ ಲೀಡರನ್ನು ಬೇರೆ ಊರಿನ ಶಾಖೆಗೆ ಕಳಿಸಿದರು. ಅಲ್ಲೂ ಮಕ್ಕಳೇ ಇದ್ದರಲ್ವಾ! ನನಗೆ ಆದದ್ದಕ್ಕಿಂತ ಇದೇ ನನ್ನನ್ನು ಜಾಸ್ತಿ ಸುಡುತ್ತದೆ.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ 2012ರಲ್ಲೇ ಬಂದಿತ್ತು. 18 ತುಂಬದ ಗಂಡುಮಕ್ಕಳಿಗೂ ಅದು ಅನ್ವಯ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು. "ನಾವು ನೋಡ್ಕೋತೀವಿ" ಅನ್ನುವ ಹಕ್ಕು ಯಾರಿಗೂ ಇಲ್ಲ. ಅಪ್ಪನಿಗೆ ಇದು ಗೊತ್ತಿರಲಿಲ್ಲ.

ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ ಮಕ್ಕಳಿಗೆ ಹೀಗೆ ಮಾಡಿದ ಲೀಡರ್‌ಗಳ ಗುಟ್ಟಿನ ಪಟ್ಟಿಯನ್ನು ದಶಕಗಟ್ಟಲೆ ಬೀರುವಿನಲ್ಲಿ ಇಟ್ಟುಕೊಂಡಿತ್ತು. ಇಂಥ ಕೇಸುಗಳ ಹೊರೆಗೆ 2020ರಲ್ಲಿ ದಿವಾಳಿ ಅರ್ಜಿ ಹಾಕಿದಾಗ 82,000ಕ್ಕೂ ಜಾಸ್ತಿ ಜನ ನಮಗೂ ಹೀಗಾಗಿದೆ ಎಂದು ಮುಂದೆ ಬಂದರು. ಮುಚ್ಚಿಟ್ಟು ಯಾವ ಹೆಸರು ಉಳಿಯಿತು?

ಸಂಸ್ಥೆಗಳನ್ನು ಮುಚ್ಚಿ ಅಂತ ನಾನು ಹೇಳುತ್ತಿಲ್ಲ. ನನ್ನಂಥ ಹುಡುಗರಿಗೆ ಅವು ಬೇಕು. ಆದರೆ ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಒಂಟಿಯಾಗಿ ಇರಕೂಡದು, ಕೋಣೆಯಲ್ಲಾಗಲಿ, ಬೈಕಿನಲ್ಲಾಗಲಿ, ವಾಟ್ಸಾಪಿನಲ್ಲಾಗಲಿ. ಹೊಸ ಲೀಡರ್ ಬಂದರೆ ಹಳೆಯ ಶಾಖೆಯನ್ನು ಯಾಕೆ ಬಿಟ್ಟರು ಎಂದು ವಿಚಾರಿಸಲೇಬೇಕು. ದೂರು ಕೇಳುವವರು ಸಂಸ್ಥೆಯ ಹೊರಗಿನವರಾಗಿರಲಿ. 1098 ಸಹಾಯವಾಣಿ ನಂಬರ್ ಮಕ್ಕಳಿಗೆ ಬಾಯಿಪಾಠ ಇರಲಿ.

ಮೊನ್ನೆ ಅಕ್ಕ ಮಗನನ್ನು ಸೇರಿಸಲು ಹೋಗಿ ಇಷ್ಟನ್ನೇ ಕೇಳಿದಳು. ರಾತ್ರಿ ಯಾರು ಇರುತ್ತಾರೆ, ಹೇಳದೆ ಬಂದು ನೋಡಬಹುದಾ ಎಂದು. "ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದರಂತೆ. ಫಾರಂ ವಾಪಸ್ ಇಸ್ಕೊಂಡು ಮನೆಗೆ ಬಂದಳು.