ಮೂರು ಮಳೆಗಾಲ ಕಂಡ ಹಾಟ್ ಸ್ಟೇಪ್ಲರ್

ಬೈಕಿನ ಒಡೆದ ಪ್ಲಾಸ್ಟಿಕ್‌ಗೆ ಹೊಲಿಗೆ ಹಾಕುವ ಹಾಟ್ ಸ್ಟೇಪ್ಲರ್ ಕೊಂಡು ಮೂರು ವರ್ಷ ದಾಟಿತು. ಬ್ರಾಂಡ್ ಹೆಸರಿಲ್ಲದ ಮಾಲು, ಆನ್‌ಲೈನ್‌ನಲ್ಲಿ 1,600 ರೂಪಾಯಿ. ಕೊಳ್ಳುವಾಗ ತಲೆಯಲ್ಲಿದ್ದದ್ದು ರಿಪೇರಿ ಅಲ್ಲ, ಮಾಡಿಫಿಕೇಶನ್. ಹಿಂದಿನ ಉದ್ದ ಮಡ್‌ಗಾರ್ಡ್ ಕತ್ತರಿಸಿ ಬೈಕಿನ ಬಾಲ ಚೂಪಾಗಿ ಕಾಣಬೇಕು ಅಂತ ಆಸೆ.

ಕತ್ತರಿಸಲು ಹ್ಯಾಕ್ಸಾ ಬ್ಲೇಡ್ ಸಾಕಾಯಿತು. ಏಪ್ರಿಲ್‌ನಲ್ಲಿ ಚಂದವೇ ಕಂಡಿತು. ಜೂನ್‌ನಲ್ಲಿ ತಂಗಿಯನ್ನು ಕೂರಿಸಿಕೊಂಡು ಬದಿಯಡ್ಕದಿಂದ ಕುಂಬಳೆಗೆ ಹೋದೆ. ಇಳಿದಾಗ ಅವಳ ಬೆನ್ನಿನಲ್ಲಿ ಸೊಂಟದಿಂದ ಕುತ್ತಿಗೆವರೆಗೆ ಕೆಂಪು ಮಣ್ಣಿನ ಪಟ್ಟೆ. "ಅಣ್ಣಾ, ನಾಳೆಯಿಂದ ನಾನು ಬಸ್ಸಿಗೇ ಹೋಗ್ತೇನೆ" ಅಂದಳು. ಪುಣ್ಯಕ್ಕೆ ಕತ್ತರಿಸಿದ ತುಂಡು ಅಟ್ಟದಲ್ಲಿತ್ತು. ಸ್ಟೇಪ್ಲರ್‌ನ ಮೊದಲ ದೊಡ್ಡ ಕೆಲಸ ಅಂದರೆ ಅದನ್ನೇ ವಾಪಸ್ ಹೊಲಿದದ್ದು! ಒಳಬದಿಯಲ್ಲಿ ಹದಿನಾಲ್ಕು ಪಿನ್ ಹಾಕಿದ್ದೆ, ಇವತ್ತಿಗೂ ಅಲುಗಾಡಿಲ್ಲ. ಕಾನೂನಿನ ಭಯವೂ ಅದರೊಂದಿಗೆ ಹೋಯಿತು ಅನ್ನಿ. ಕಂಪನಿ ಕೊಟ್ಟ ರೂಪ ಬದಲಿಸಿದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು. ನಮ್ಮ ಕೇರಳದಲ್ಲಿ ಎಂವಿಡಿ, ಅಂದರೆ ಮೋಟಾರು ವಾಹನ ಇಲಾಖೆಯವರ ಕಣ್ಣು ಇಂಥದಕ್ಕೆ ಬೇಗ ಬೀಳುತ್ತದೆ.

ಬಳಸುವುದು ಸುಲಭ. ಗನ್ನಿನ ತುದಿಗೆ ಪಿನ್ ಸಿಕ್ಕಿಸಿ ಟ್ರಿಗರ್ ಒತ್ತಿದರೆ ಎರಡು ಮೂರು ಸೆಕೆಂಡಿನಲ್ಲಿ ಪಿನ್ ಕೆಂಪಾಗುತ್ತದೆ. ಬಿರುಕಿಗೆ ಅಡ್ಡವಾಗಿ, ಪ್ಯಾನಲ್‌ನ ಹಿಂಬದಿಯಿಂದ, ಅರ್ಧ ದಪ್ಪದವರೆಗೆ ಇಳಿಸಬೇಕು. ಟ್ರಿಗರ್ ಬಿಟ್ಟು ಹತ್ತು ಎಣಿಸಿ ಗನ್ ಎಳೆಯಬೇಕು. ಅವಸರ ಮಾಡಿದರೆ ಪಿನ್ನೂ ಜೊತೆಗೇ ಬರುತ್ತದೆ. ಹೊಲಿಯುವ ಮೊದಲು ಬಿರುಕಿನ ಕೊನೆಗೆ ಸಣ್ಣದೊಂದು ತೂತು ಕೊರೆಯಿರಿ, ಇಲ್ಲದಿದ್ದರೆ ಬಿರುಕು ಮುಂದಕ್ಕೆ ಓಡುತ್ತದೆ. ಹೊಗೆ ಒಳ್ಳೆಯದಲ್ಲ, ಅಂಗಳದಲ್ಲೇ ಕೂತು ಮಾಡಿ. ನಾನು ಮೊದಲ ದಿನ ಅಡುಗೆಮನೆಯ ಪ್ಲಗ್ಗಿಗೆ ಹಾಕಿದ್ದೆ. "ಟಯರ್ ಸುಡ್ತಾ ಇದ್ದೀಯಾ?" ಅಂತ ಅಮ್ಮ ಓಡಿಸಿದರು.

ಆದರೆ ಬರೀ ಪಿನ್ ಹೊಡೆದರೆ ಸಾಲದು, ಸಂದು ತುಂಬಬೇಕು. ನಾನು ಎಡವಿದ್ದು ಅಲ್ಲೇ. ಅಡಿಕೆಗೆ ಮದ್ದು ಬಿಡುವ ಹಳೆಯ ಡ್ರಮ್‌ನಿಂದ ಪಟ್ಟಿ ಕತ್ತರಿಸಿ, ಸೋಲ್ಡರಿಂಗ್ ಐರನ್‌ನಲ್ಲಿ ಕರಗಿಸಿ ಮಡ್‌ಗಾರ್ಡ್‌ಗೆ ತುಂಬಿದೆ. ನೋಡಲು ಒಂದೇ ಥರ. ಒಂದೇ ತಿಂಗಳಲ್ಲಿ ಸಿಪ್ಪೆಯ ಹಾಗೆ ಎದ್ದು ಬಂತು. ಡ್ರಮ್ ಪಾಲಿಥಿನ್ ಜಾತಿಯದು, ಮಡ್‌ಗಾರ್ಡ್ ಪಿಪಿ, ಅಂದರೆ ಪಾಲಿಪ್ರೊಪಿಲಿನ್. ಎರಡೂ ಬೆಸೆಯುವುದಿಲ್ಲ. ಆಮೇಲೆ ಗುಜರಿಯಿಂದ ಒಡೆದ ಮಡ್‌ಗಾರ್ಡ್ ತಂದು ಅದರ ಪಟ್ಟಿ ತುಂಬಿದೆ, ನಿಂತಿತು.

ಸೈಡ್ ಪ್ಯಾನಲ್‌ನ ಹಿಂದೆ ಎಬಿಎಸ್ ಅಂತ ಅಚ್ಚು ಇತ್ತು. ಬ್ರೇಕಿನ ಎಬಿಎಸ್ ಅಲ್ಲ, ಇದು ಇನ್ನೊಂದು ಜಾತಿಯ ಪ್ಲಾಸ್ಟಿಕ್. ಅದಕ್ಕೆ ದಾರಿ ಬೇರೆ. ಎಬಿಎಸ್ ಚೂರುಗಳನ್ನು ಗಾಜಿನ ಬಾಟಲಿಯಲ್ಲಿ ಅಸಿಟೋನ್ (ಉಗುರು ಬಣ್ಣ ತೆಗೆಯಲು ಬಳಸುವ ದ್ರವ) ಜೊತೆ ಒಂದು ರಾತ್ರಿ ಇಟ್ಟರೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಅದನ್ನು ತೆಳ್ಳಗೆ ಸವರಿ, ಒಣಗಿಸಿ, ಮತ್ತೆ ಸವರಬೇಕು. ಬೆಂಕಿಯ ಹತ್ತಿರ ಮಾತ್ರ ಬೇಡ. ಪಿಪಿಗೆ ಅಸಿಟೋನ್ ಏನೂ ಮಾಡುವುದಿಲ್ಲ. ಅಚ್ಚು ಅಳಿಸಿದ್ದರೆ ಪೇಂಟ್ ಇಲ್ಲದ ಚೂರೊಂದನ್ನು ನೀರಿಗೆ ಹಾಕಿ ನೋಡಿ. ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ.

ಈಗ ದೂರು. ಜೊತೆಗೆ ಬಂದ ಪಿನ್‌ಗಳು ತುಕ್ಕು ಹಿಡಿಯದ ಸ್ಟೀಲ್ ಅಂತ ಡಬ್ಬಿಯಲ್ಲಿ ಬರೆದಿತ್ತು. ಎರಡನೇ ಮಳೆಗಾಲಕ್ಕೆ ಬಿಳಿ ಪ್ಯಾನಲ್‌ನ ಹೊಲಿಗೆಯಿಂದ ಕಂದು ನೀರು ಇಳಿಯಿತು. ತುಕ್ಕು! ಅಷ್ಟೂ ಕಿತ್ತು ಮತ್ತೆ ಮಾಡಿದೆ. ಈಗ ಹೊಸ ಡಬ್ಬಿ ಬಂದರೆ ನಾಲ್ಕು ಪಿನ್ ತೆಗೆದು ಉಪ್ಪುನೀರಿನ ಲೋಟದಲ್ಲಿ ಎರಡು ದಿನ ಇಡುತ್ತೇನೆ. ಸಂಜೆ ವೋಲ್ಟೇಜ್ ಇಳಿದರೆ ಪಿನ್ ಕೆಂಪಾಗುವುದೇ ಇಲ್ಲ, ಅದು ಇನ್ನೊಂದು ತಲೆನೋವು. ಟ್ರಿಗರ್ ಸ್ವಿಚ್ ಒಮ್ಮೆ ಹೋಯಿತು. ಮಾರಿದವರಿಗೆ ಮೂರು ಸಲ ಬರೆದೆ, ಉತ್ತರವಿಲ್ಲ. ಕೊನೆಗೆ ಪೇಟೆಯ ಮಿಕ್ಸಿ ರಿಪೇರಿಯವರು 80 ರೂಪಾಯಿಗೆ ಸರಿಮಾಡಿ ಕೊಟ್ಟರು.

ಪೇಂಟ್ ವಿಷಯದಲ್ಲಿ ಸ್ಟೇಪ್ಲರ್‌ನ ತಪ್ಪಿಲ್ಲ, ನನ್ನದೇ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ, ಸ್ಪ್ರೇ ಹೊಡೆದೆ. ಗಾಳಿಯ ತೇವ ಕೂತು ಕಪ್ಪು ಬಣ್ಣದ ಮೇಲೆ ಬೂದಿ ಬಳಿದ ಹಾಗಾಯಿತು. ಪುಟ್ಟಿ, 400ರ ವಾಟರ್ ಪೇಪರ್‌ನಲ್ಲಿ ಉಜ್ಜಿದ್ದು, ಪ್ರೈಮರ್, ಎಲ್ಲ ಶ್ರಮ ನೀರಿಗೆ. ದೀಪಾವಳಿ ಕಳೆದ ಮೇಲೆ ಬಿಸಿಲಿನ ದಿನ ನೋಡಿ ಮತ್ತೆ ಹೊಡೆದೆ.

ಹೊಲಿದ ಜಾಗ ಹತ್ತಿರದಿಂದ ನೋಡಿದರೆ ಈಗಲೂ ಗೊತ್ತಾಗುತ್ತದೆ. ಶೋರೂಮ್ ಫಿನಿಶ್ ಬೇಕಾದವರು ಹೊಸ ಪ್ಯಾನಲ್ಲೇ ಕೊಳ್ಳಿ. ನನ್ನಿಂದ ಐದಕ್ಕೆ ಮೂರೂವರೆ. ಅರ್ಧ ಅಂಕ ಪಿನ್‌ಗೆ ಕಳೆದದ್ದು, ಒಂದು ಮಾರಿದವರ ಮೌನಕ್ಕೆ. ಮಾಡಿಫಿಕೇಶನ್ ಹುಚ್ಚು ಬಿಟ್ಟಿದೆ, ಸ್ಟೇಪ್ಲರ್ ಬಿಟ್ಟಿಲ್ಲ. ಹೋದ ವಾರ ಪಕ್ಕದ ಮನೆಯ ಮಾವ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು ಹೋಗಿದ್ದಾರೆ. ಚೂರು ನೀರಿಗೆ ಹಾಕಿದೆ, ತೇಲಿತು.