ಕಿಡ್ನಿ ಕಲ್ಲಿನ ಆಪರೇಷನ್ ಆದವರೇ, ಒಳಗಿರುವ ಸ್ಟೆಂಟ್ ಮರೆಯಬೇಡಿ

ಆಪರೇಷನ್ ಚೆನ್ನಾಗಿಯೇ ಆಗಿರುತ್ತದೆ. ಕಲ್ಲು ಪುಡಿಯಾಗಿದೆ, ನೋವು ನಿಂತಿದೆ, ರೋಗಿ ಕೆಲಸಕ್ಕೂ ಹೋಗುತ್ತಿದ್ದಾರೆ. ಡಿಸ್ಚಾರ್ಜ್ ಹಾಳೆಯ ಕೊನೆಯಲ್ಲಿ "ಬಲಗಡೆ ಡಿಜೆ ಸ್ಟೆಂಟ್ ಇದೆ, ಮೂರು ವಾರಕ್ಕೆ ತೆಗೆಸಬೇಕು" ಎಂದು ಒಂದು ಸಾಲು. ಡಿಜೆ ಸ್ಟೆಂಟ್ ಎಂದರೆ ಮೂತ್ರನಾಳದೊಳಗೆ ತಾತ್ಕಾಲಿಕವಾಗಿ ಬಿಡುವ ಮೆದು ಕೊಳವೆ. ಆ ಹಾಳೆ ಫೈಲು ಸೇರುತ್ತದೆ, ಫೈಲು ಬೀರು ಸೇರುತ್ತದೆ. ಒಂದೆರಡು ವರ್ಷ ಕಳೆದು ಚಳಿಜ್ವರ ಬಂದು, ಮೂತ್ರದಲ್ಲಿ ರಕ್ತ ಕಂಡು, ಎಕ್ಸ್‌ರೇ ತೆಗೆದರೆ ಕಿಡ್ನಿಯಿಂದ ಮೂತ್ರಕೋಶದವರೆಗೆ ದಪ್ಪ ಬಿಳಿ ಗೆರೆ, ಎರಡೂ ತುದಿಯಲ್ಲಿ ಉಂಡೆ ಕಟ್ಟಿದ ಕಲ್ಲು. ಇದಕ್ಕೆ ಯೂರಾಲಜಿಯಲ್ಲಿ, ಅಂದರೆ ಮೂತ್ರಾಂಗಗಳ ವೈದ್ಯಶಾಸ್ತ್ರದಲ್ಲಿ, "ಮರೆತ ಸ್ಟೆಂಟ್" ಎಂದು ಹೆಸರೇ ಇದೆ. ಹೆಸರು ಬೀಳುವಷ್ಟು ಸಲ ಇದು ನಡೆದಿದೆ.

ಸ್ಟೆಂಟ್ ಹಾಕುವುದು ತಪ್ಪಲ್ಲ. ಕಿಡ್ನಿಯಿಂದ ಮೂತ್ರ ಇಳಿಯುವ ನಾಳ ಒಳಗೆ ಮೂರು ನಾಲ್ಕು ಮಿಲಿಮೀಟರ್ ಅಗಲ, ಅಷ್ಟೇ. ದುರ್ಬೀನು ಹಾಯಿಸಿ ಲೇಸರಿನಿಂದ ಕಲ್ಲು ಒಡೆದಮೇಲೆ ಅದು ಊದಿಕೊಳ್ಳುತ್ತದೆ, ಉಳಿದ ಪುಡಿಯೂ ಅಲ್ಲೇ ಸಿಕ್ಕಿಕೊಳ್ಳಬಹುದು. ಹಾಗಾಗಿ ಸುಮಾರು ಎರಡು ಮಿಲಿಮೀಟರ್ ದಪ್ಪದ, ದೊಡ್ಡವರಿಗಾದರೆ 24ರಿಂದ 28 ಸೆಂಟಿಮೀಟರ್ ಉದ್ದದ, ಮೈತುಂಬ ತೂತುಗಳಿರುವ ಮೆದು ಕೊಳವೆಯನ್ನು ಒಳಗೆ ಬಿಡುತ್ತಾರೆ. ಎರಡು ತುದಿಯೂ ಸುರುಳಿ ಸುತ್ತಿಕೊಂಡಿರುತ್ತವೆ. ಮೇಲಿನ ಸುರುಳಿ ಕಿಡ್ನಿಯಲ್ಲಿ, ಕೆಳಗಿನದು ಮೂತ್ರಕೋಶದಲ್ಲಿ ಕೂತು ಕೊಳವೆಯನ್ನು ಜಾರದಂತೆ ಹಿಡಿಯುತ್ತವೆ.

ತೊಂದರೆ ಇರುವುದು ಅದು ಅಲ್ಲೇ ಉಳಿದರೆ. ಗೀಸರಿನ ಕಾಯಿಲ್ ಬಿಚ್ಚಿ ನೋಡಿದವರಿಗೆ ಗೊತ್ತು, ಗಡಸು ನೀರು ಕಾದು ಕಾದು ಅದರ ಮೇಲೆ ಬಿಳಿ ಹಕ್ಕಳೆ ಹೇಗೆ ಗಟ್ಟಿಯಾಗಿರುತ್ತದೆ ಎಂದು. ಮೂತ್ರದಲ್ಲಿರುವ ಸ್ಟೆಂಟಿಗೂ ಹಾಗೆಯೇ. ಮೊದಲು ಬ್ಯಾಕ್ಟೀರಿಯಾದ ತೆಳು ಲೋಳೆ ಅಂಟುತ್ತದೆ, ಅದರ ಮೇಲೆ ಕ್ಯಾಲ್ಸಿಯಂ ಲವಣಗಳು ಕೂರುತ್ತವೆ. ಒಮ್ಮೆ ಕಲ್ಲು ಕಟ್ಟಿದ ದೇಹಕ್ಕೆ ಈ ಕೆಲಸ ಬೇಗ ಬರುತ್ತದೆ. ಮೆದುವಾಗಿದ್ದ ಕೊಳವೆ ಪೆಡಸಾಗಿ ಮುಟ್ಟಿದರೆ ಮುರಿಯುವಂತಾಗುತ್ತದೆ, ಸುರುಳಿ ಬಿಚ್ಚಿಕೊಳ್ಳುವುದಿಲ್ಲ. ಆಗ ಎಳೆದರೆ ನಾಳವೇ ಹರಿಯಬಹುದು. ಮೂತ್ರಕೋಶದ ತುದಿಯನ್ನು ಲೇಸರಿನಿಂದ ಒಡೆದು, ಕಿಡ್ನಿಯ ತುದಿಗೆ ಬೆನ್ನಿನಿಂದ ತೂತು ಮಾಡಿ, ಕೆಲವೊಮ್ಮೆ ಎರಡು ಮೂರು ಸಲ ಆಪರೇಷನ್ ಮಾಡಿ ತೆಗೆಯಬೇಕಾಗುತ್ತದೆ. ಅಷ್ಟರಲ್ಲಿ ಕಿಡ್ನಿ ಸತ್ತಿದ್ದರೆ ಕಿಡ್ನಿಯನ್ನೇ ತೆಗೆಯುತ್ತಾರೆ. ಸಕಾಲಕ್ಕೆ ಬಂದಿದ್ದರೆ ಕೆಲವೇ ನಿಮಿಷದ ಕೆಲಸವಾಗಿತ್ತು ಎಂಬುದೇ ಹೊಟ್ಟೆ ಉರಿಸುವ ಮಾತು.

ಕಲ್ಲು ತೆಗೆದ ನಂತರದ ಸ್ಟೆಂಟಿಗೆ ಸಾಮಾನ್ಯವಾಗಿ ಒಂದರಿಂದ ಆರು ವಾರ ಸಾಕು. ಮೂರು ತಿಂಗಳು ದಾಟುವ ಮಾತೇ ಬೇಡ. ಬೇರೆ ಕಾರಣಕ್ಕೆ ಹೆಚ್ಚು ಕಾಲ ಬೇಕಾದವರಿಗೂ ಹಳೆಯದನ್ನು ತೆಗೆದು ಹೊಸದು ಹಾಕುತ್ತಲೇ ಇರಬೇಕು. ಗರ್ಭಿಣಿಯರಲ್ಲಿ ಹಕ್ಕಳೆ ಇನ್ನೂ ಬೇಗ ಕಟ್ಟುತ್ತದೆ.

ಬಿಡುಗಡೆಯ ದಿನವೇ ಕೇಳಿ: ಸ್ಟೆಂಟ್ ಇದೆಯಾ, ಯಾವ ಕಡೆ, ಎಷ್ಟು, ಯಾವ ತಾರೀಕಿಗೆ ತೆಗೆಯುತ್ತೀರಿ? "ಎಷ್ಟು" ಎಂಬುದನ್ನು ಬಿಡಬೇಡಿ. ಎರಡೂ ಕಡೆ ಹಾಕಿದ್ದು ಒಂದನ್ನು ಮಾತ್ರ ತೆಗೆಸಿಕೊಂಡು "ಆಯ್ತಲ್ಲ" ಎಂದುಕೊಂಡರೆ ಇನ್ನೊಂದು ಒಳಗೇ ಉಳಿಯುತ್ತದೆ. ತಾರೀಕನ್ನು ರೋಗಿಯ ಫೋನಿನಲ್ಲಷ್ಟೇ ಅಲ್ಲ, ಮನೆಯ ಇನ್ನೊಬ್ಬರ ಫೋನಿನಲ್ಲೂ ಹಾಕಿಡಿ. ಆಸ್ಪತ್ರೆಯವರು ಕರೆಯುತ್ತಾರೆಂದು ಕಾಯುವುದು ಬೇಡ.

ಸ್ಟೆಂಟ್ ಇದ್ದಷ್ಟು ದಿನ ಬಹಳ ಜನರಿಗೆ ಕಿರಿಕಿರಿ ಇರುತ್ತದೆ. ಪದೇ ಪದೇ ಮೂತ್ರಕ್ಕೆ ಅವಸರ, ಓಡಾಡಿದ ದಿನ ಮೂತ್ರ ತಿಳಿಗೆಂಪು, ಮೂತ್ರ ಮಾಡುವಾಗಲೇ ಪಕ್ಕೆಯಲ್ಲಿ ಎಳೆದಂತೆ ನೋವು. ಈ ಕೊನೆಯದು ಬಹಳ ಜನರನ್ನು ಹೆದರಿಸುತ್ತದೆ. ನಾಳದ ಕೆಳತುದಿಯಲ್ಲಿ ಮೂತ್ರ ಹಿಂದಕ್ಕೆ ಹೋಗದಂತೆ ತಡೆಯುವ ಏರ್ಪಾಡಿದೆ. ಸ್ಟೆಂಟ್ ಅದನ್ನು ತೆರೆದೇ ಇಡುತ್ತದೆ, ಮೂತ್ರಕೋಶ ಹಿಂಡಿದಾಗ ಒತ್ತಡ ಮೇಲಕ್ಕೆ ಕಿಡ್ನಿಗೆ ತಲುಪುತ್ತದೆ. ಆದ್ದರಿಂದ ಮೂತ್ರ ಕಟ್ಟಿಕೊಂಡು ಕೂರಬೇಡಿ. ವೈದ್ಯರು ಟ್ಯಾಮ್ಸುಲೋಸಿನ್ ಎಂಬ ಔಷಧಿ ಬರೆದುಕೊಟ್ಟರೆ ಈ ನೋವು ಎಷ್ಟೋ ಇಳಿಯುತ್ತದೆ. ಇದ್ದಕ್ಕಿದ್ದಂತೆ ತಡೆಯಲಾಗದೆ ಮೂತ್ರ ತೊಟ್ಟಿಕ್ಕುತ್ತಲೇ ಇದ್ದರೆ ಮಾತ್ರ ಕೆಳಗಿನ ಸುರುಳಿ ಜಾರಿರಬಹುದು, ಅಂದೇ ತೋರಿಸಿ.

ಕೆಲವರಿಗೆ ಈ ಕಿರಿಕಿರಿಯೇ ನೆನಪಿನ ಓಲೆ. ಏನೂ ಅನಿಸದವರೇ ಮರೆಯುವುದು.

ಜ್ವರದ ವಿಷಯದಲ್ಲಿ ರಾಜಿ ಇಲ್ಲ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅಥವಾ ನಡುಕ ಬಂದರೆ ಪ್ಯಾರಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಮೂತ್ರ ಕಟ್ಟಿ ಸೋಂಕಾದ ಕಿಡ್ನಿಯಿಂದ ವಿಷ ರಕ್ತಕ್ಕಿಳಿಯಲು ಕೆಲವೇ ಗಂಟೆ ಸಾಕು. ಗಡ್ಡೆಗಟ್ಟಿದ ರಕ್ತ ಬಿದ್ದರೆ, ಮೂತ್ರ ಪೂರ್ತಿ ನಿಂತರೆ ಕೂಡ ಅದೇ ಮಾತು. ಬೆನ್ನಿನಿಂದ ತೂತು ಮಾಡಿ ಕಲ್ಲು ತೆಗೆಸಿಕೊಂಡವರಲ್ಲಿ ಒಂದೆರಡು ವಾರ ಕಳೆದಮೇಲೂ ಜೋರಾಗಿ ರಕ್ತ ಬರುವುದುಂಟು, ಹಾಗಾಗಿ ಭಾರ ಎತ್ತುವ ಕೆಲಸಕ್ಕೆ ವೈದ್ಯರು ಹೇಳುವವರೆಗೆ ಕೈಹಾಕಬೇಡಿ.

ತೆಗೆಯುವ ದಿನ ಹೆದರಿಕೆ ಬೇಡ. ಮರಗಟ್ಟಿಸುವ ಜೆಲ್ ಹಾಕಿ, ತೆಳು ದುರ್ಬೀನು ತೂರಿಸಿ, ಕೆಳಸುರುಳಿಯನ್ನು ಚಿಮಟಿಯಲ್ಲಿ ಹಿಡಿದು ಎಳೆಯುತ್ತಾರೆ. ಆಮೇಲೆ ಕೆಲವು ಗಂಟೆ ಕಲ್ಲಿನದೇ ನೋವು ಮರಳಿ ಬಂದಂತಾಗಬಹುದು. ನಾಳ ಹಿಂಡಿಕೊಳ್ಳುವುದರಿಂದ ಹಾಗೆ. ತೆಗೆದ ಕೊಳವೆಯನ್ನು ತೋರಿಸಿ ಎಂದು ಕೇಳಿ, ಎರಡು ಸುರುಳಿಯೂ ಇವೆಯೇ ಎಂದು ನೋಡಿಕೊಳ್ಳಿ.

ಅಲ್ಲಿಗೂ ಮುಗಿಯಲಿಲ್ಲ. ಕಲ್ಲು ಕೂತಿದ್ದ ಜಾಗದಲ್ಲಿ ನಾಳ ಒಳಗೊಳಗೇ ಕಿರಿದಾಗಿ ಕಿಡ್ನಿ ಊದಿಕೊಂಡರೂ ಕೆಲವರಿಗೆ ನೋವೇ ಇರುವುದಿಲ್ಲ. ಅದಕ್ಕೇ ಸ್ಟೆಂಟ್ ತೆಗೆದ ಒಂದೆರಡು ತಿಂಗಳಲ್ಲಿ ಒಂದು ಅಲ್ಟ್ರಾಸೌಂಡ್ ಮಾಡಿಸಿ. ಆ ತಾರೀಕನ್ನೂ ಸ್ಟೆಂಟ್ ತಾರೀಕಿನ ಕೆಳಗೇ ಬರೆದಿಟ್ಟುಕೊಳ್ಳಿ.